ಒಂದೇ ಬಾಗಿಲಿನ ಬೆನ್ನು ಹತ್ತಿ

ಚಿಕ್ಕಮಗಳೂರು

ಪ್ರೀತಿಯ ಮಂಜು,

ನಿನ್ನ ಕಾಲೇಜಿನ ಡಿಪ್ಲೊಮಾ ಹುಡುಗರನ್ನು ಕರೆದುಕೊಂಡು ಹಾಸನದಿಂದ ಬೆಳಿಗ್ಗೆ ಹೊರಟು, ಕಾರ್ ಕಾರ್ಖಾನೆಯನ್ನೂ ಕಾರ್ ಮ್ಯೂಸಿಯಂ ಅನ್ನೂ ನೋಡಿಕೊಂಡು ರಾತ್ರಿಯೊಳಗೆ ವಾಪಸ್ ಬರಲು ಆಗುತ್ತದಾ ಅಂತ ಕೇಳಿದ್ದೀಯ. ಆಗುತ್ತದೆ. ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಇದೆ. ಶ್ರೀರಂಗಪಟ್ಟಣದ ಹತ್ತಿರ ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ‘ಪಯಣ’ ಕಾರ್ ಮ್ಯೂಸಿಯಂ ಇದೆ, 2023ರಲ್ಲಿ ಶುರುವಾದದ್ದು. ಎರಡೂ ಮೈಸೂರು ರಸ್ತೆಯಲ್ಲೇ ಸಿಗುತ್ತವೆ. ನಿಜವಾದ ಕಷ್ಟ ದಾರಿಯದಲ್ಲ. ಗೈಡ್ ಜೊತೆ ಎರಡು ಗಂಟೆ ಸುತ್ತಿದ ಡಿಪ್ಲೊಮಾ ಹುಡುಗರಿಗೆ ರೋಬೋಟ್ ಕೈ ಮತ್ತು ಹಾರಿದ ಕಿಡಿ ಬಿಟ್ಟರೆ ಬೇರೇನೂ ನೆನಪಿರುವುದಿಲ್ಲ. ಅದಕ್ಕೇ ಹೇಳುತ್ತೇನೆ, ಅವರು ಇಡೀ ಕಾರನ್ನು ನೋಡುವುದು ಬೇಡ. ಎಡಗಡೆಯ ಮುಂಬಾಗಿಲು ಒಂದನ್ನೇ ಹಿಡಿದು ಕೊನೆಯವರೆಗೂ ಅದರ ಬೆನ್ನು ಹತ್ತಲಿ.

ಮೊದಲು ಅನುಮತಿ. ಯಾವ ಕಾರ್ಖಾನೆಯಾದರೂ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಪ್ರಿನ್ಸಿಪಾಲರ ಸಹಿ ಇರುವ ಪತ್ರ, ಹುಡುಗರ ಹೆಸರಿನ ಪಟ್ಟಿ, ಗುರುತಿನ ಚೀಟಿ ಕೇಳುತ್ತಾರೆ. ತಿಂಗಳು ಒಪ್ಪೊತ್ತು ಮುಂಚೆಯೇ ಬರೆ, ಎರಡು ಮೂರು ತಾರೀಖು ಕೊಡು. ‘ಲೈನ್ ಓಡುತ್ತಿರುವ ದಿನವೇ ಬೇಕು’ ಅನ್ನುವ ಮಾತು ಪತ್ರದಲ್ಲಿ ಇರಲೇಬೇಕು. ಮೇಂಟೆನೆನ್ಸ್‌ಗೆ ನಿಲ್ಲಿಸಿದ ದಿನ ಹೋದರೆ ನೋಡಲು ಸಿಗುವುದು ಬರೀ ಶೆಡ್ಡು. ಎಲ್ಲರಿಗೂ ಶೂ ಕಡ್ಡಾಯ, ಚಪ್ಪಲಿಯಲ್ಲಿ ಬಂದವರು ಗೇಟಿನಲ್ಲೇ ಉಳಿಯುತ್ತಾರೆ. ಮೊಬೈಲ್ ಒಪ್ಪಿಸಬೇಕಾಗುತ್ತದೆ, ಹಾಗಾಗಿ ಪ್ರತಿಯೊಬ್ಬರ ಜೇಬಿನಲ್ಲೂ ಚಿಕ್ಕ ನೋಟ್‌ಬುಕ್ ಮತ್ತು ಪೆನ್ನು ಇರಲಿ. ಹಿಂದಿನ ಸಾಲಿನಲ್ಲಿ ನಿಂತವರಿಗೆ ತಗಡು ಒತ್ತುವ ಪ್ರೆಸ್ಸಿನ ಸದ್ದಿನಲ್ಲಿ ಗೈಡ್ ಮಾತು ಕೇಳುವುದಿಲ್ಲ. ಹದಿನೈದು ಜನರ ಗುಂಪು ಮಾಡಿಕೊಂಡು ಹೋಗುವುದೇ ಒಳ್ಳೆಯದು. ಇನ್ನೊಂದು ಮಾತು: ಜೊತೆಗೆ ಬರುವ ಮೇಷ್ಟ್ರುಗಳಲ್ಲಿ ಯಾರಿಗಾದರೂ ಪೇಸ್‌ಮೇಕರ್ ಇದ್ದರೆ ಅವರನ್ನು ವೆಲ್ಡ್ ಶಾಪ್ ಹತ್ತಿರ ಬಿಡಬೇಡ. ಅಲ್ಲಿ ಹರಿಯುವ ಕರೆಂಟಿಗೆ ಸುತ್ತ ಬಲವಾದ ಕಾಂತಕ್ಷೇತ್ರ ಏಳುತ್ತದೆ.

ಈಗ ಬಾಗಿಲಿಗೆ ಬರೋಣ. ಪ್ರೆಸ್ ಶಾಪ್‌ನಲ್ಲಿ ಅದು 0.7 ಮಿ.ಮೀ. ಆಸುಪಾಸಿನ ತಗಡು. ಸುರುಳಿಯಿಂದ ಕತ್ತರಿಸಿದ ಹಾಳೆ ನಾಲ್ಕೈದು ಡೈ, ಅಂದರೆ ಒತ್ತುವ ಅಚ್ಚುಗಳನ್ನು ದಾಟುತ್ತದೆ. ಮೊದಲನೆಯದು ಆಕಾರಕ್ಕೆ ಎಳೆಯುತ್ತದೆ, ಉಳಿದವು ಅಂಚು ಕತ್ತರಿಸಿ, ತೂತು ಹೊಡೆದು, ಅಂಚು ಬಗ್ಗಿಸುತ್ತವೆ. ತಾಪತ್ರಯವೆಲ್ಲ ಹೆಚ್ಚಾಗಿ ಮೊದಲ ಡೈನಲ್ಲೇ. ಹಾಳೆಯ ಅಂಚನ್ನು ಅದುಮಿ ಹಿಡಿಯುವ ಬ್ಲ್ಯಾಂಕ್ ಹೋಲ್ಡರ್ ಸಡಿಲವಾದರೆ ತಗಡು ನೆರಿಗೆ ಬೀಳುತ್ತದೆ. ಅತಿ ಬಿಗಿಯಾದರೆ ಒಳಗೆ ಜಾರಲಾರದೆ ಮೂಲೆಯಲ್ಲಿ ಸೀಳುತ್ತದೆ. ಡೈ ಮೇಲೆ ಕಬ್ಬಿಣದ ಒಂದು ಚೂರು ಕೂತರೂ ಸಾಕು, ಅದನ್ನು ಒರೆಸುವವರೆಗೆ ಬರುವ ಬಾಗಿಲಿಗೆಲ್ಲ ಅದೇ ಜಾಗದಲ್ಲಿ ಸಣ್ಣ ಗುಳ್ಳೆ. ಕಣ್ಣಿಗೆ ಕಾಣದ ಇಂಥ ಗುಳ್ಳೆ ಬಣ್ಣ ಬಿದ್ದ ಮೇಲೆ ಎದ್ದು ಕಾಣುತ್ತದೆ. ತಪಾಸಣೆಯವರು ಹತ್ತಿಯ ಕೈಗವಸು ಹಾಕಿ ತಗಡಿನ ಮೇಲೆ ಅಂಗೈ ಆಡಿಸುವುದನ್ನು ಹುಡುಗರಿಗೆ ತೋರಿಸು. ಅನುಮಾನ ಬಂದ ಕಡೆ ಆಯಿಲ್ ಸ್ಟೋನ್ ಅನ್ನುವ ಸಾಣೆಕಲ್ಲು ಉಜ್ಜುತ್ತಾರೆ. ಉಬ್ಬಿದ ಜಾಗ ಹೊಳೆಯುತ್ತದೆ, ತಗ್ಗು ಮಂಕಾಗಿಯೇ ಉಳಿಯುತ್ತದೆ. ಇಡೀ ಭೇಟಿಯಲ್ಲಿ ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

ವೆಲ್ಡ್ ಶಾಪ್‌ನಲ್ಲಿ ಹುಡುಗರಿಗೆ ಒಂದು ಪ್ರಶ್ನೆ ಹಾಕು: ಬಾಗಿಲಿನ ಹೊರಮೈ ಮೇಲೆ ಸ್ಪಾಟ್ ವೆಲ್ಡ್ ಗುರುತೇ ಇಲ್ಲವಲ್ಲ, ಯಾಕೆ? ಉತ್ತರ ಅಂಚಿನಲ್ಲಿದೆ. ಹೊರತಗಡಿನ ಅಂಚನ್ನು ಒಳತಗಡಿನ ಮೇಲೆ ಮಡಿಸಿ, ನಡುವೆ ಅಂಟು ತುಂಬಿ ಒತ್ತುತ್ತಾರೆ. ಅದಕ್ಕೆ ಹೆಮ್ಮಿಂಗ್ ಅನ್ನುತ್ತಾರೆ. ಸ್ಪಾಟ್ ವೆಲ್ಡ್ ಇರುವುದು ಒಳಭಾಗಗಳಿಗೆ. ಎರಡು ತಾಮ್ರದ ತುದಿಗಳ ನಡುವೆ ತಗಡುಗಳನ್ನು ಅದುಮಿ, ಎಂಟು ಹತ್ತು ಸಾವಿರ ಆಂಪಿಯರ್ ಕರೆಂಟನ್ನು ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಹರಿಸುತ್ತಾರೆ. ಐದಾರು ಮಿ.ಮೀ. ಅಗಲದ ಬೆಸುಗೆ ಕೂರುತ್ತದೆ. ಒಂದು ಕಾರಿಗೆ ಇಂಥವು ಸಾವಿರಗಟ್ಟಲೆ. ಹುಡುಗರಿಗೆ ಕಿಡಿ ಇಷ್ಟ, ಆದರೆ ಕಿಡಿ ಹೆಚ್ಚು ಹಾರಿದರೆ ಒಳ್ಳೆಯ ಲಕ್ಷಣವಲ್ಲ. ಕರೆಂಟ್ ಜಾಸ್ತಿಯಾಗಿದೆ, ಇಲ್ಲವೇ ತಗಡುಗಳು ಸರಿಯಾಗಿ ಅಂಟಿ ಕೂತಿಲ್ಲ, ಕರಗಿದ ಲೋಹ ಹೊರಗೆ ಸಿಡಿಯುತ್ತಿದೆ ಅಂತ ಅರ್ಥ. ತಗಡಿನ ಸತುವಿನ ಲೇಪ ತಾಮ್ರದ ತುದಿಗೆ ಹತ್ತಿ, ತುದಿ ಅಣಬೆಯಂತೆ ಅಗಲವಾಗುತ್ತದೆ. ಆಗ ಅಷ್ಟೇ ಕರೆಂಟ್ ದೊಡ್ಡ ಜಾಗಕ್ಕೆ ಹಂಚಿ ಬೆಸುಗೆ ಸೊರಗುತ್ತದೆ. ರೋಬೋಟ್ ಆಗಾಗ ಕೆಲಸ ಬಿಟ್ಟು ಪಕ್ಕಕ್ಕೆ ಹೋಗಿ ತುದಿ ಹೆರೆಸಿಕೊಂಡು ಬರುವುದು ಇದಕ್ಕೇ.

ಪೇಂಟ್ ಶಾಪ್ ಒಳಗೆ ಸಾಮಾನ್ಯವಾಗಿ ಬಿಡುವುದಿಲ್ಲ. ಧೂಳಿನ ಭಯ ಒಂದು ಕಡೆ, ಸಿಲಿಕೋನ್ ಭಯ ಇನ್ನೊಂದು ಕಡೆ. ಸಿಲಿಕೋನ್ ಇರುವ ಹೇರ್ ಜೆಲ್ ಸ್ವಲ್ಪ ತಾಗಿದರೂ ಬಣ್ಣ ಅಲ್ಲಿ ಹಿಡಿಯದೆ ದುಂಡಗೆ ಕುಳಿ ಬೀಳುತ್ತದೆ. ಬಾಡಿಯನ್ನು ಮೊದಲು ತೊಳೆದು, ಫಾಸ್ಫೇಟ್ ಹಿಡಿಸಿ, ವಿದ್ಯುತ್ ಹರಿಯುವ ಪ್ರೈಮರ್ ತೊಟ್ಟಿಯಲ್ಲಿ ಪೂರ್ತಿ ಮುಳುಗಿಸುತ್ತಾರೆ. ಬಾಗಿಲಿನ ಕೆಳ ಅಂಚಿನ ತೂತುಗಳು ಆ ದ್ರವ ಬಸಿದು ಹೋಗಲು. ಮುಂದೆ ಮಳೆನೀರು ಬಸಿಯುವುದೂ ಅವುಗಳಿಂದಲೇ. ನಮ್ಮ ಮಲೆನಾಡಿನಲ್ಲಿ ಈ ತೂತುಗಳಿಗೆ ಕೆಸರು ಕಟ್ಟಿ ಬಾಗಿಲ ಬುಡ ತುಕ್ಕು ತಿನ್ನುತ್ತದೆ. ಇದನ್ನು ಹುಡುಗರಿಗೆ ಮರೆಯದೆ ಹೇಳು, ನಾಳೆ ಗ್ಯಾರೇಜ್ ಇಟ್ಟರೆ ದಿನಾ ಬೇಕಾಗುವ ಮಾತು.

ಬಿಡಿಭಾಗ ಜೋಡಿಸುವ ಅಸೆಂಬ್ಲಿಯಲ್ಲಿ ಬಾಗಿಲು ಕಾಣೆಯಾಗುತ್ತದೆ. ಬಣ್ಣ ಒಂದೇ ಆಗಿರಲಿ ಅಂತ ಬಾಡಿಯ ಜೊತೆಗೇ ಬಣ್ಣ ಹಾಕಿಸಿಕೊಂಡ ಬಾಗಿಲನ್ನು ಬಹಳ ಕಡೆ ಲೈನಿನ ಶುರುವಿನಲ್ಲೇ ಬಿಚ್ಚಿ ಬೇರೆ ಲೈನಿಗೆ ಕಳಿಸುತ್ತಾರೆ. ಬಾಗಿಲಿಲ್ಲದಿದ್ದರೆ ಡ್ಯಾಶ್‌ಬೋರ್ಡ್, ಸೀಟು ಒಳಗೆ ಇಡುವುದು ಸಲೀಸು. ಗಾಜು, ಲಾಕ್, ವೈರಿಂಗ್ ಎಲ್ಲ ಕೂತ ಮೇಲೆ ಅದೇ ಬಾಗಿಲು ಅದೇ ಕಾರಿಗೆ ವಾಪಸ್. ಟಾಕ್ಟ್ ಟೈಮ್, ಅಂದರೆ ಎಷ್ಟು ಹೊತ್ತಿಗೊಂದು ಕಾರು ಹೊರಬರಬೇಕು ಅನ್ನುವ ಲೆಕ್ಕವನ್ನು ಬಸ್ಸಿನಲ್ಲೇ ಮಾಡಿಸು: ಪಾಳಿಯಲ್ಲಿ ಕೆಲಸಕ್ಕೆ ಸಿಗುವುದು 450 ನಿಮಿಷ, ಬೇಕಾದ ಕಾರು 225 ಅಂದುಕೊಂಡರೆ ಎರಡು ನಿಮಿಷಕ್ಕೊಂದು. ಲೈನ್ ಪಕ್ಕದಲ್ಲಿ ತೂಗುವ ಆಂಡನ್ ಹಗ್ಗದ ಕಡೆಗೂ ಕೈ ತೋರಿಸು. ತೊಡಕು ಕಂಡ ಕೂಡಲೇ ಕೆಲಸಗಾರ ಅದನ್ನು ಎಳೆಯುತ್ತಾನೆ, ಲೀಡರ್ ಓಡಿ ಬರುತ್ತಾರೆ. ಕಾರು ಆ ಸ್ಟೇಷನ್, ಅಂದರೆ ಆ ಕೆಲಸದ ಜಾಗ ದಾಟುವಷ್ಟರಲ್ಲಿ ಸರಿಹೋಗದಿದ್ದರೆ ಮಾತ್ರ ಲೈನ್ ನಿಲ್ಲುತ್ತದೆ. ಗೈಡ್ ಹತ್ತಿರ ‘ದಿನಕ್ಕೆ ಎಷ್ಟು ಕಾರು’ ಅಂತ ಕೇಳುವುದಕ್ಕಿಂತ ‘ಹಗ್ಗ ಹೆಚ್ಚಾಗಿ ಎಳೆಯುವುದು ಯಾವ ಕಾರಣಕ್ಕೆ’ ಅಂತ ಕೇಳಲಿ.

‘ಪಯಣ’ದಲ್ಲಿ ಮತ್ತೆ ಬಾಗಿಲನ್ನೇ ಹುಡುಕಲಿ. ತೀರಾ ಹಳೆಯ ಎಷ್ಟೋ ಕಾರುಗಳ ಬಾಗಿಲಿನ ಒಳಗೆ ಮರದ ಚೌಕಟ್ಟು ಇರುತ್ತಿತ್ತು, ಅದರ ಮೇಲೆ ಕೈಯಲ್ಲಿ ತಟ್ಟಿದ ತಗಡು. ಮರ ಒಣಗಿದರೆ ಬಾಗಿಲು ಜೋತುಬೀಳುತ್ತದೆ. ಬಾಗಿಲಿನ ಸುತ್ತಲ ಸಂದು ಮೇಲೆ ಕೆಳಗೆ ಒಂದೇ ಸಮ ಇದೆಯಾ ಅಂತ ಕಣ್ಣಳತೆಯಲ್ಲೇ ನೋಡಲಿ, ಮುಟ್ಟುವುದು ಬೇಡ. ಕೈಯಲ್ಲಿ ಮಾಡಿದ ಆ ಬಾಗಿಲು ಆ ಒಂದು ಕಾರಿಗೆ ಮಾತ್ರ ಕೂರುತ್ತದೆ. ಬೆಳಿಗ್ಗೆ ಕಂಡ ಬಾಗಿಲು ಅದೇ ಮಾದರಿಯ ಯಾವ ಕಾರಿಗಾದರೂ ಕೂರುತ್ತದೆ. ಬಿಡಿಭಾಗ ಹೀಗೆ ಅದಲುಬದಲು ಆಗುವಂತಾಗಿದ್ದರಿಂದಲೇ ಫೋರ್ಡ್ 1913ರಲ್ಲಿ ಚಲಿಸುವ ಲೈನ್ ಕಟ್ಟಿ, ಹನ್ನೆರಡು ಗಂಟೆಗೂ ಮೀರಿದ್ದ ಮಾಡೆಲ್ ಟಿ ಜೋಡಣೆಯನ್ನು 93 ನಿಮಿಷಕ್ಕೆ ಇಳಿಸಲು ಸಾಧ್ಯವಾಯಿತು. ಅಂಬಾಸಡರ್ ಕಂಡರೆ ಮುಂಬಾಗಿಲಿನ ಆ ತಿಕೋನ ಗಾಜು ತೋರಿಸು. ಎ.ಸಿ. ಇಲ್ಲದ ಕಾಲದಲ್ಲಿ ಗಾಳಿಯನ್ನು ಒಳಕ್ಕೆ ತಿರುಗಿಸುತ್ತಿದ್ದದ್ದು ಅದೇ.

ದಾರಿ ಹೀಗೆ: ಬೆಳಿಗ್ಗೆ ಐದಕ್ಕೆ ಹಾಸನ ಬಿಡಿ. ಕುಣಿಗಲ್‌ನಿಂದ ಮಾಗಡಿ ಮೇಲೆ ಬಿಡದಿಗೆ ಹೋದರೆ ನೆಲಮಂಗಲದ ಟ್ರಾಫಿಕ್ ತಪ್ಪುತ್ತದೆ. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದೇ ಒಳಗೆ ಹೋಗಿ, ಎರಡು ಗಂಟೆ ನಿಂತೇ ಇರಬೇಕಾಗುತ್ತದೆ. ಮ್ಯೂಸಿಯಂನ ರಜೆ ಮತ್ತು ಮುಚ್ಚುವ ಹೊತ್ತನ್ನು ಹಿಂದಿನ ದಿನ ಫೋನ್ ಮಾಡಿ ಖಚಿತ ಮಾಡಿಕೊ. ಎಕ್ಸ್‌ಪ್ರೆಸ್‌ವೇಯಿಂದ ಎಲ್ಲಿ ಇಳಿಯಬೇಕು ಅಂತ ಡ್ರೈವರ್‌ಗೆ ಮೊದಲೇ ಹೇಳಿರು, ಮುಂದೆ ಹೋಗಿಬಿಟ್ಟರೆ ಸುತ್ತು ಬಹಳ. ವಾಪಸ್ ಬರುವಾಗ ಕೆ.ಆರ್.ಪೇಟೆ, ಚನ್ನರಾಯಪಟ್ಟಣದ ಮೇಲೆ ಹಾಸನ.

ಕಾರ್ಖಾನೆಗೆ ಬರೆಯುವ ಪತ್ರದ ಕರಡು ಮಾಡಿದ ಮೇಲೆ ನನಗೊಮ್ಮೆ ಕಳಿಸು, ನೋಡಿ ತಿದ್ದಿ ಕೊಡುತ್ತೇನೆ.

ನಿನ್ನ ಗೆಳೆಯ