ಮುಗಿಸಿಕೊಡದೇ ಬಿಟ್ಟವರಿಗೆ

ಶಾಲು ನಿನ್ನೆ ಮುಗಿಯಿತು. ಹೆಣಿಗೆ ಕಡ್ಡಿಯಿಂದ ಕೊನೆಯ ಕುಣಿಕೆ ಇಳಿಸಿ, ದಾರ ಕತ್ತರಿಸಿ, ತುದಿಗಳನ್ನು ಒಳಗೆ ಸೇರಿಸಿದ್ದೂ ಆಯಿತು. ಬಿದ್ದ ದಿನದಿಂದ "ಕೈ ಹೇಗಿದೆ" ಎಂದು ಬಿಡದೆ ವಿಚಾರಿಸಿಕೊಂಡವರಿಗೆಲ್ಲ ಒಬ್ಬೊಬ್ಬರಿಗೇ ಬರೆಯುವಷ್ಟು ಈ ಕೈ ಇನ್ನೂ ಪಳಗಿಲ್ಲ. ಆದ್ದರಿಂದ ಎಲ್ಲರಿಗೂ ಸೇರಿಸಿ ಇದೊಂದೇ ಪತ್ರ.

ಗೊತ್ತಿಲ್ಲದವರಿಗೆ: ಒದ್ದೆ ನೆಲ, ಜಾರಿದ ಕಾಲು, ನೆಲಕ್ಕೂರಿದ ಬಲಗೈ. ಮುಂಗೈ ಮೂಳೆ ಮಣಿಕಟ್ಟಿನ ಹತ್ತಿರ ಮುರಿಯಿತು. ಪ್ಲಾಸ್ಟರ್ ಬಿತ್ತು. ಹೆಣಿಗೆ, ಅಡುಗೆ, ಆಗೀಗ ಗೀಚುವ ನಾಲ್ಕು ಸಾಲು ಪದ್ಯ, ಈ ಮೂರೂ ನಿಂತವು. ಮೂರಕ್ಕೂ ಬೇಕಾದದ್ದು ಅದೇ ಕೈ. ಮೂಳೆ ಕೂರಿಸಿದ ಡಾಕ್ಟರಿಗೆ, ನನ್ನ ಗೊಣಗಾಟವನ್ನು ಕೇಳಿಸಿಕೊಳ್ಳದವರಂತೆ ನಟಿಸಿದ ಫಿಸಿಯೋಥೆರಪಿಸ್ಟಿಗೆ ಎದುರಿಗೇ ಕೈಮುಗಿದು ಬಂದಿದ್ದೇನೆ. ಇಲ್ಲಿ ಹೇಳಬೇಕಾದ ಧನ್ಯವಾದ ಬೇರೆ. ನೀವು ಮಾಡಿಕೊಟ್ಟದ್ದಕ್ಕಿಂತ, ಮಾಡಬಲ್ಲವರಾಗಿದ್ದೂ ಮಾಡದೇ ಬಿಟ್ಟದ್ದಕ್ಕೆ.

ಮೊದಲು ಹೆಣಿಗೆ ಗುಂಪಿನ ಗೆಳತಿಗೆ. ಶಾಲು ಆಗ ಅರ್ಧ ಆಗಿತ್ತು. ಕಣ್ಣೆದುರು ಬಿದ್ದುಕೊಂಡ ಅರ್ಧ ಕೆಲಸ ನೋಡಲಾರದೆ "ಉಳಿದದ್ದನ್ನು ನೀನೇ ಮುಗಿಸಿಬಿಡೇ" ಎಂದು ಅವಳ ಮಡಿಲಿಗೆ ಹಾಕಿದೆ. ಅವಳು ಹೆಣೆದರೆ ವಾರದ ಮಾತು. "ಆಗಲ್ಲ ಕಣೇ. ನಿನ್ನ ಕೈ ಬಿಗಿ, ನಂದು ಸಡಿಲ. ಇಲ್ಲಿಂದಾಚೆ ಅದು ಬೇರೆ ಶಾಲಾಗತ್ತೆ" ಎಂದಳು. ಕಡ್ಡಿ ಹಿಡಿದವರಿಗೆ ಇದು ಸಬೂಬಲ್ಲ ಎಂದು ಗೊತ್ತು. ಒಂದೇ ಉಲ್ಲನ್, ಒಂದೇ 4 ಮಿ.ಮೀ. ಕಡ್ಡಿ ಕೊಟ್ಟು ಇಬ್ಬರನ್ನು ಕೂರಿಸಿ, 10 ಸೆಂ.ಮೀ. ಅಗಲದಲ್ಲಿ ಒಬ್ಬರಿಗೆ 20 ಕುಣಿಕೆ ಬಂದರೆ ಇನ್ನೊಬ್ಬರಿಗೆ 22 ಬಂದೀತು. ಎರಡು ಕುಣಿಕೆ ಏನು ಮಹಾ ಅನ್ನಿಸಬಹುದು. 200 ಕುಣಿಕೆಯ ಸಾಲಿನಲ್ಲಿ ಅದು 9 ಸೆಂ.ಮೀ. ಹೆಚ್ಚುಕಮ್ಮಿ ಮಾಡುತ್ತದೆ.

ಬೇಡ ಎಂದವಳು ಎದ್ದು ಹೋಗಲಿಲ್ಲ. ಮೊಂಡು ಸೂಜಿಗೆ ಬಿಳಿಯ ಹತ್ತಿ ದಾರ ಪೋಣಿಸಿಕೊಂಡಳು. ಕಡ್ಡಿಯ ಮೇಲಿದ್ದ ಒಂದೊಂದು ಕುಣಿಕೆಯೊಳಗೂ ಅದನ್ನು ಹಾಯಿಸುತ್ತಾ ಹೋದಳು. ಕೊನೆ ಮುಟ್ಟಿದ ಮೇಲೆ ಎರಡೂ ತುದಿ ಸಡಿಲವಾಗಿ ಗಂಟು ಹಾಕಿ, ಕಡ್ಡಿ ಎಳೆದು ತೆಗೆದಳು. ಇದನ್ನು ಲೈಫ್‌ಲೈನ್ ಅನ್ನುತ್ತೇವೆ. ಮೇಲಿನದೆಲ್ಲ ಬಿಚ್ಚಿಹೋದರೂ ಈ ದಾರದ ಹತ್ತಿರ ಬಂದು ನಿಲ್ಲುತ್ತದೆ. ಇದಕ್ಕೆ ಉಲ್ಲನ್ನಿನ ತುಂಡನ್ನೇ ಬಳಸಬಾರದು, ಎಳೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ನುಣುಪಾದ ಹತ್ತಿ ದಾರ ಎಷ್ಟು ದಿನ ಇದ್ದರೂ ಸಲೀಸಾಗಿ ಹೊರಗೆ ಬರುತ್ತದೆ. ಜೊತೆಗೆ ಒಂದು ಚೀಟಿ ಪಿನ್ ಮಾಡಿದಳು: "68ನೇ ಸಾಲು ಮುಗಿದಿದೆ. ಮುಂದಿನದು ಸೀದಾ ಬದಿ." ಎಲ್ಲವನ್ನೂ ಚೀಲಕ್ಕೆ ಹಾಕಿ ನನ್ನ ಕಪಾಟಿನಲ್ಲೇ ಇಟ್ಟಳು, ತನ್ನ ಮನೆಗೆ ಒಯ್ಯಲಿಲ್ಲ.

ಆ ಚೀಟಿ ಓದಿದಾಗೆಲ್ಲ, ಮುಂದಿನ ಸಾಲು ನನ್ನದೇ ಎಂದು ಯಾರೋ ಬರವಣಿಗೆಯಲ್ಲಿ ಕೊಟ್ಟಿದ್ದಾರೆ ಅನ್ನಿಸುತ್ತಿತ್ತು.

ಇನ್ನು ಅತ್ತಿಗೆ. ಪ್ಲಾಸ್ಟರ್ ಬಿಚ್ಚಿದರೆ ಎಲ್ಲ ಮುಗಿಯಿತು ಎಂದುಕೊಂಡಿದ್ದೆ, ನಿಜವಾದ ತೊಂದರೆ ಶುರುವಾದದ್ದೇ ಆಮೇಲೆ. ಮಣಿಕಟ್ಟು ಮುರಿದವರಿಗೆ ಅಂಗೈಯನ್ನು ಮೇಲಕ್ಕೆ ತಿರುಗಿಸುವುದೇ ದೊಡ್ಡ ಕಷ್ಟ. ಚಿಲ್ಲರೆ ಇಸಿದುಕೊಳ್ಳಲು, ಮುಖ ತೊಳೆಯಲು, ಬೊಗಸೆ ಒಡ್ಡಲು ಆ ತಿರುವು ಬೇಕು. ಉಪ್ಪಿನ ಅಂದಾಜಿಗೂ ಬೇಕು. ನಾನು ಚಮಚದಲ್ಲಿ ಅಳೆಯುವವಳಲ್ಲ, ಅಂಗೈ ಕುಳಿಯಲ್ಲಿ ಸುರಿದುಕೊಂಡು ಕಣ್ಣಳತೆ ನೋಡುವವಳು. ಅತ್ತಿಗೆ ತಿಂಗಳುಗಟ್ಟಲೆ ಬಂದು ಅಡುಗೆ ಮಾಡಿದರು. ಹೆಚ್ಚಿದ್ದು, ಬೇಯಿಸಿದ್ದು, ಒಗ್ಗರಣೆ ಕೊಟ್ಟದ್ದು ಎಲ್ಲ ಅವರೇ. ಕೊನೆಗೆ ಮಾತ್ರ "ಉಪ್ಪು ನೀನೇ ನೋಡಿ ಹಾಕು" ಎಂದು ಡಬ್ಬ ಮುಂದಿಟ್ಟು ಅಡುಗೆಮನೆಯಿಂದ ಆಚೆ ನಡೆದುಬಿಡುತ್ತಿದ್ದರು. ಮೊದಮೊದಲು ಉಪ್ಪು ಕುಳಿಯಲ್ಲಿ ನಿಲ್ಲದೆ ಹೆಬ್ಬೆರಳ ಬುಡದಿಂದ ಜಾರಿ ಒಲೆಯ ಸುತ್ತ ಚೆಲ್ಲುತ್ತಿತ್ತು. ಒಳಗೆ ಬಂದವರು ಬಟ್ಟೆ ತೆಗೆದುಕೊಂಡು ಒರೆಸುತ್ತಿದ್ದರು, ಅಷ್ಟೇ. "ಬಿಡು, ನಾನು ಹಾಕ್ತೀನಿ" ಎಂಬ ಮಾತು ಅವರ ಬಾಯಲ್ಲಿ ಬರಲೇ ಇಲ್ಲ. ಸಪ್ಪೆ ಊಟ, ಉಪ್ಪುಪ್ಪು ಊಟ ಎರಡನ್ನೂ ಅವರೂ ನನ್ನ ಜೊತೆಗೇ ಕೂತು ಉಂಡರು.

ಬೆರಳಿಗೆ ಬಲ ಬರಲು ಹಿಸುಕುವ ಮೆತ್ತನೆಯ ಮುದ್ದೆಯೊಂದನ್ನು ಕೊಡುತ್ತಾರೆ. ಅದರ ಜೊತೆಗೆ ಹಿಟ್ಟು ನಾದುವುದೂ ಆಗಬಹುದೇ ಎಂದು ಫಿಸಿಯೋಥೆರಪಿಸ್ಟನ್ನು ಕೇಳಿದೆ, ಮೆತ್ತಗೆ ಕಲಸಿಕೊಂಡು ಮಾಡಿ ಎಂದರು. ನಾದಿದ ಹಿಟ್ಟು ಸುಳ್ಳು ಹೇಳುವುದಿಲ್ಲ: ಎಡಗೈ ಒತ್ತಿದ ಕಡೆ ಆಳದ ಗುಳಿ, ಬಲಗೈ ಒತ್ತಿದ ಕಡೆ ಬರೀ ಬೆರಳಚ್ಚು. ಎರಡೂ ಸಮ ಆಗುತ್ತಾ ಬಂದದ್ದನ್ನು ನನಗಿಂತ ಮೊದಲು ಗಮನಿಸಿದವರು ಅತ್ತಿಗೆಯೇ.

ಮೂರನೆಯದಾಗಿ ನನ್ನ ಕನ್ನಡ ಮೇಷ್ಟ್ರಿಗೆ. ಪೆನ್ನು ಹಿಡಿಯಲಾಗದವಳ ಕೈಲಿ ಪದ್ಯ ಕಟ್ಟಿಸುವ ಹಠ ಅವರಿಗೆ ಯಾಕೆ ಬಂತೋ. ಸಂಜೆ ಫೋನ್ ಮಾಡಿ, ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿ ಬಾಯಲ್ಲೇ ಹೇಳು ಅನ್ನುತ್ತಿದ್ದರು. ಮೂರು ನಾಲ್ಕು, ಮೂರು ನಾಲ್ಕು, 14 ಮಾತ್ರೆಯ ಸಾಲು. ಮೂರನೆಯ ಮತ್ತು ಆರನೆಯ ಸಾಲು ಮಾತ್ರ ಉದ್ದ, ಮೂರು ನಾಲ್ಕು ಮೂರು ಸಲ ಬಂದು ಮೇಲೊಂದು ಎರಡು ಮಾತ್ರೆಯ ಗುರು, ಒಟ್ಟು 23. ಆರೂ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ. ನಾನು ತಡವರಿಸಿ ಹೇಳುತ್ತಿದ್ದೆ. "ನಾಲ್ಕನೇ ಸಾಲಲ್ಲಿ ಪ್ರಾಸ ಹೋಯ್ತಮ್ಮಾ" ಎಂದಷ್ಟೇ ಹೇಳಿ ಫೋನ್ ಇಟ್ಟುಬಿಡುತ್ತಿದ್ದರು. ಸರಿಯಾದ ಪದ ಅವರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅದನ್ನು ಹೇಳದೆ ನುಂಗಿಕೊಳ್ಳುವುದು ಮೇಷ್ಟ್ರಾದವರಿಗೆ ಎಷ್ಟು ಕಷ್ಟ ಎಂದು ಅವರ ಪಾಠ ಕೇಳಿದವರೆಲ್ಲ ಬಲ್ಲರು.

ಉಲ್ಲನ್ನು, ಒಲೆ, ಪದ್ಯ ಮೂರನ್ನೂ ಒಟ್ಟಿಗೆ ಕಟ್ಟಿಕೊಂಡು ಯಾವುದೂ ಸರಿಯಾಗಿ ಆಗುತ್ತಿಲ್ಲ ಎಂದು ಒಂದು ದಿನ ಅವಲತ್ತುಕೊಂಡೆ. ರೇಗಿಬಿಟ್ಟರು. 16ನೇ ಶತಮಾನದ ಮೂರನೇ ಮಂಗರಸ ಅಡುಗೆಯನ್ನೇ ವಾರ್ಧಕ ಷಟ್ಪದಿಗೆ ತಂದ. ಅದಕ್ಕೂ ಹಿಂದೆ, 12ನೇ ಶತಮಾನದಲ್ಲಿ, ನೂಲುವ ಕಾಯಕದ ಕದಿರ ರೆಮ್ಮವ್ವೆ ತನ್ನ ರಾಟೆಯನ್ನೇ ವಚನ ಮಾಡಿದಳು. ಇವೆಲ್ಲ ಬೇರೆ ಬೇರೆ ಅಂತ ನಿನಗೆ ಹೇಳಿದವರು ಯಾರು ಎಂದು ಬೈದರು. ಬೈಸಿಕೊಂಡಿದ್ದಕ್ಕೂ ಧನ್ಯವಾದ, ಮೇಷ್ಟ್ರೇ.

ಆ ಬೈಗುಳದ ಫಲ ಇದು. ಮತ್ತೆ ಕಡ್ಡಿ ಹಿಡಿಯಬಹುದು ಎಂದಾಗ ಶಾಲು ಮುಟ್ಟಲು ಧೈರ್ಯ ಸಾಲದೆ, ಅಭ್ಯಾಸಕ್ಕೆ 23 ಕುಣಿಕೆ ಹಾಕಿಕೊಂಡೆ. ಮೂರು ಸೀದಾ, ನಾಲ್ಕು ಉಲ್ಟಾ, ಹೀಗೆ ಮೂರು ಸಲ. ಕೊನೆಗೆ ಅಂಚಿಗೆ ಎರಡು ಸೀದಾ, ಅದೇ ಗುರು. ಬಾಯಲ್ಲಿ ಪದ್ಯ ಹೇಳಿಕೊಂಡೇ ಹೆಣೆದೆ, ಲೆಕ್ಕ ತಪ್ಪಲಿಲ್ಲ. ತಿರುಗಿಸಿ ಹಿಂದಿನ ಬದಿ ಹೆಣೆಯುವಾಗ ಮಾತ್ರ ಗುರು ಮೊದಲು ಬಂದು ಆಮೇಲೆ ನಾಲ್ಕು ಮೂರು, ನಾಲ್ಕು ಮೂರು ಅಂತ ಛಂದಸ್ಸೆಲ್ಲ ತಲೆಕೆಳಗು. ಇದನ್ನು ಹೇಳಿದಾಗ ಮೇಷ್ಟ್ರು ಬಹಳ ಹೊತ್ತು ನಕ್ಕರು. ಬೆಸ ಸಾಲಿನಲ್ಲಿ ಮಾತ್ರ ಕವಿಯಾಗಿರು ಎಂದರು.

ಅದಾದ ಮೇಲೆ ಚೀಲ ತೆಗೆದೆ. ಹತ್ತಿ ದಾರದ ಜಾಡಿನಲ್ಲೇ ಕಡ್ಡಿ ತೂರಿಸಿ ಕುಣಿಕೆಗಳನ್ನೆಲ್ಲ ಎತ್ತಿಕೊಂಡೆ, ಒಂದೂ ಬಿದ್ದಿರಲಿಲ್ಲ. ಆದರೆ ನನ್ನ ಬಿಗಿ ಕೈ ಈಗ ಸಡಿಲವಾಗಿತ್ತು. "3.5 ಮಿ.ಮೀ. ಕಡ್ಡಿಗೆ ಇಳಿಯಿರಿ" ಎಂದು ಗುಂಪಿನಲ್ಲಿ ಒಬ್ಬರು ಹೇಳಿದ್ದು ಬಹಳ ಉಪಕಾರವಾಯಿತು, ಅಂತರ ಕಮ್ಮಿಯಾಯಿತು, ಪೂರ್ತಿ ಹೋಗಲಿಲ್ಲ. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಹಿಂಡದೆ ಟವೆಲಲ್ಲಿ ಒತ್ತಿ ನೀರು ತೆಗೆದು, ಪಿನ್ ಚುಚ್ಚಿ ಹರವಿ ಒಣಗಿಸಿದ ಮೇಲೂ 68ನೇ ಸಾಲಿನ ಹತ್ತಿರ ಗೆರೆಯೊಂದು ಬೆಳಕಿಗೆ ಹಿಡಿದರೆ ಕಾಣುತ್ತದೆ. ನನ್ನ ಗೆಳತಿ ಅದನ್ನು ಬೆರಳಲ್ಲಿ ಸವರಿ ನೋಡಿ, "ಎರಡೂ ನಿನ್ನ ಕೈಯೇ, ನನ್ನ ಮೇಲೆ ಹಾಕಬೇಡ" ಎಂದಳು.

ಇನ್ನೂ ಎಷ್ಟೋ ಜನ ಇದ್ದೀರಿ. ಸಿಕ್ಕಾದ ಉಲ್ಲನ್ ಲಡಿ ಬಿಡಿಸಿ ಉಂಡೆ ಸುತ್ತಿಕೊಟ್ಟ ಪಕ್ಕದ ಮನೆಯ ಹುಡುಗರು, ನಾನು ಹೇಳಿದ ಪದ್ಯಗಳನ್ನು ಬರೆದಿಟ್ಟುಕೊಂಡ ಸೊಸೆ (ಕಾಗುಣಿತ ತಿದ್ದಿದ್ದಾಳೆ, ಪದ ತಿದ್ದಿಲ್ಲ), ಅತ್ತಿಗೆ ಬರಲಾಗದ ದಿನ ಬಾಗಿಲಿಗೇ ಊಟ ತಂದಿಟ್ಟು ಹೋದವರು. ಆ ಊಟದ ಡಬ್ಬಿಗಳೆಲ್ಲ ತೊಳೆದು ಹಾಲ್‌ನ ಮೇಜಿನ ಮೇಲಿವೆ. ಯಾರದು ಯಾವುದು ಎಂದು ನನಗೆ ಗೊತ್ತಾಗುತ್ತಿಲ್ಲ, ಮುಚ್ಚಳಗಳೂ ಅದಲುಬದಲಾಗಿವೆ. ದಯವಿಟ್ಟು ಒಮ್ಮೆ ಬಂದು ನಿಮ್ಮ ನಿಮ್ಮದನ್ನು ಗುರುತು ಹಿಡಿದು ತೆಗೆದುಕೊಂಡು ಹೋಗಿ.