ಐಸೊಟೋಪ್ ಪೂರೈಕೆಯ ವಿಳಂಬ ತಪ್ಪಲಿ

ಮಾನ್ಯರೇ,

ಥೈರಾಯ್ಡ್ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾದ ನಮ್ಮ ಅಕ್ಕ ವಿಕಿರಣ ಅಯೋಡಿನ್ ಚಿಕಿತ್ಸೆಗೆಂದು ಎರಡು ವಾರ ಅಯೋಡಿನ್ ಉಪ್ಪು, ಹಾಲು, ಮೊಸರು ಬಿಟ್ಟು, ನಸುಕಿನ ಬಸ್ಸಿನಲ್ಲಿ ಕೋಲಾರದಿಂದ ಬೆಂಗಳೂರಿಗೆ ಹೋದರೆ, ಆಸ್ಪತ್ರೆಯವರು ‘ಔಷಧ ಬಂದಿಲ್ಲ, ಮುಂದಿನ ವಾರ ಬನ್ನಿ’ ಎಂದರು. ಆಕೆಯ ಚೀಲದಲ್ಲಿ ಉಪ್ಪಿಲ್ಲದ ಮುದ್ದೆಯ ಬುತ್ತಿ ಹಾಗೇ ಇತ್ತು.

ಆ ಔಷಧವಾದ ಅಯೋಡಿನ್-131 ವಿಕಿರಣ ಸೂಸುವ ಐಸೊಟೋಪ್, ಅಂದರೆ ಧಾತುವಿನ ಒಂದು ರೂಪ. ಅದು ಕೂಡಿಡುವ ಸರಕಲ್ಲ, ಎಂಟು ದಿನಕ್ಕೆ ಅರ್ಧಕ್ಕಿಳಿಯುತ್ತದೆ. ಸ್ಕ್ಯಾನಿಂಗಿಗೆ ಬೇಕಾದ ಟೆಕ್ನೀಷಿಯಂ-99ಎಂ ಆರೇ ಗಂಟೆಯಲ್ಲಿ ಅರ್ಧವಾಗುವುದರಿಂದ, ಕ್ರಮೇಣ ಟೆಕ್ನೀಷಿಯಂ ಆಗಿ ಮಾರ್ಪಡುವ, 66 ಗಂಟೆ ಅರ್ಧಾಯುಷ್ಯದ ಮಾಲಿಬ್ಡಿನಂ-99 ತುಂಬಿದ ‘ಜನರೇಟರ್’ ಎಂಬ ಸಾಧನ ತರಿಸಿಕೊಂಡು, ಹಸುವಿನ ಹಾಲು ಕರೆದಂತೆ ಆಸ್ಪತ್ರೆಯಲ್ಲೇ ಟೆಕ್ನೀಷಿಯಂ ಅನ್ನು ನಿತ್ಯ ಪಡೆಯಬೇಕು. ಇಂಥ ವಸ್ತುವಿಗೆ ಮುಂಬೈನ ಟ್ರಾಂಬೆಯಲ್ಲಿರುವ ಧ್ರುವ ಪರಮಾಣು ರಿಯಾಕ್ಟರನ್ನೇ ಬಹುವಾಗಿ ನೆಚ್ಚಿರುವುದು ಸರಿಯಲ್ಲ.

2020ರ ಮೇ ತಿಂಗಳಲ್ಲಿ ಕೇಂದ್ರ ಹಣಕಾಸು ಸಚಿವರು ಘೋಷಿಸಿದ ವೈದ್ಯಕೀಯ ಐಸೊಟೋಪ್ ರಿಯಾಕ್ಟರನ್ನು ತ್ವರಿತವಾಗಿ ಪೂರ್ಣಗೊಳಿಸಬೇಕು. ಅಲ್ಲಿಯವರೆಗೆ, ಔಷಧ ಕೈಸೇರುವುದು ಖಚಿತವಾದ ಮೇಲೆಯೇ ಆಸ್ಪತ್ರೆಗಳು ದೂರದ ರೋಗಿಗಳಿಗೆ ಫೋನ್ ಮಾಡಿ ಕರೆಸಿಕೊಳ್ಳಬೇಕು.

– ಓದುಗ, ಕೋಲಾರ