ಮಗಳಿಗೊಂದು ಪತ್ರ: ಆ ಸಾರಂಗಗಳನ್ನು ನೋಡದೆ ಬರಬೇಡ

ತಿಪಟೂರು

ಪ್ರೀತಿಯ ಪುಟ್ಟಿ,

ಜೂನ್‌ನಲ್ಲಿ ಗೆಳತಿಯರ ಜೊತೆ ಎರಡು ದಿನ ಲೆಜೆಜಿಗೆ ಹೋಗ್ತೀನಿ ಅಂತ ಮೊನ್ನೆ ಫೋನಲ್ಲಿ ಹೇಳಿದೆ. "ದೋಣಿ ಬಿಡೋಕೆ ಹೋಗೋದಪ್ಪಾ, ಟೈಮ್ ಇದ್ರೆ ಗುಹೆನೂ ನೋಡ್ತೀವಿ" ಅಂದೆಯಲ್ಲ, ಆ ಮಾತು ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ಫೋನಲ್ಲಿ ಹೇಳಿದರೆ "ಸರಿ ಅಪ್ಪಾ" ಅಂದುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವರ್ಷ ನಾವು ಫ್ರಾನ್ಸಿಗೆ ಬಂದಾಗ ನಿನ್ನ ಪರೀಕ್ಷೆ ಅಂತ ನೀನು ಬೋರ್ದೋದಲ್ಲೇ ಉಳಿದು, ನಮ್ಮಿಬ್ಬರನ್ನು ರೈಲು ಹತ್ತಿಸಿದೆ. ಪೆರಿಗೊದಲ್ಲಿ ರೈಲು ಬದಲಿಸಬೇಕು ಅಂತ ಚೀಟಿಯಲ್ಲಿ ದೊಡ್ಡದಾಗಿ ಬರೆದುಕೊಟ್ಟಿದ್ದೆ. ಆ ಚೀಟಿ ಈಗಲೂ ನನ್ನ ಸ್ಕೆಚ್ ಪುಸ್ತಕದಲ್ಲಿದೆ. ಲೆಜೆಜಿಯಲ್ಲಿ ಇಳಿದ ಮೇಲೆ ಅಮ್ಮ ಸುತ್ತ ನೋಡಿ, "ಇದೇನ್ರೀ, ಬೀದಿ ಒಂದೇ ಇದೆ" ಅಂದಳು. ಸಾವಿರ ಜನರ ಆಸುಪಾಸಿನ ಊರು. ಒಂದು ಕಡೆ ವೆಜೇರ್ ನದಿ, ಇನ್ನೊಂದು ಕಡೆ ಸುಣ್ಣಕಲ್ಲಿನ ಎತ್ತರದ ಬಂಡೆ, ನಡುವೆ ಬೀದಿ. ಕೆಲವು ಮನೆಗಳಿಗೆ ಹಿಂದಿನ ಗೋಡೆಯೇ ಇಲ್ಲ, ಬಂಡೆಯೇ ಗೋಡೆ.

ಈ ಸಣ್ಣ ಊರಿನ ಹೆಸರು ನಿನ್ನ ಹೈಸ್ಕೂಲ್ ಪುಸ್ತಕದಲ್ಲಿ ಇರಲಿಲ್ಲ. ಆದರೆ ಅಲ್ಲಿನ ಒಂದು ಬಂಡೆಯ ಹೆಸರು ಇತ್ತು. ಹಿಮಯುಗದ ಕ್ರೊಮ್ಯಾಗ್ನನ್ ಮಾನವ ಅಂತ ಬಾಯಿಪಾಠ ಮಾಡಿದ್ದೆಯಲ್ಲ, ಆ ಕ್ರೊಮ್ಯಾಗ್ನನ್ ಇಲ್ಲೇ, ಊರೊಳಗೇ ಇದೆ. 1868ರಲ್ಲಿ ಕೂಲಿಯವರು ಬಂಡೆಯ ಬುಡದಲ್ಲಿ ಮಣ್ಣು ತೆಗೆಯುವಾಗ ಮೂಳೆಗಳು ಸಿಕ್ಕವು. ಜೊತೆಗೆ ತೂತು ಕೊರೆದ ಕಡಲ ಚಿಪ್ಪುಗಳು. ಸರ ಮಾಡಿ ಹಾಕಿಕೊಳ್ಳುತ್ತಿದ್ದರಂತೆ. ಕಡಲು ಎಲ್ಲಿ, ಈ ಊರು ಎಲ್ಲಿ, ಅಲ್ವಾ?

ಈಗ ಮುಖ್ಯ ವಿಷಯ. ಊರಿಂದ ನಡೆದೇ ಹೋಗುವಷ್ಟು ದೂರದಲ್ಲಿ ಫೊಂ-ದ-ಗೋಮ್ ಗುಹೆ ಇದೆ, ಗೋಡೆಯ ಮೇಲೆ ಆದಿಮಾನವರು ಬರೆದ ಚಿತ್ರಗಳಿವೆ. ಲಾಸ್ಕೊ ಗುಹೆಯ ಹೆಸರು ಎಲ್ಲರೂ ಹೇಳುತ್ತಾರೆ. ಅದೂ ಇದೇ ನದಿಯ ಕಣಿವೆಯಲ್ಲಿದೆ, ಆದರೆ ಜನರ ಉಸಿರಿಗೇ ಚಿತ್ರ ಹಾಳಾಗುತ್ತಿದೆ ಅಂತ 1963ರಲ್ಲೇ ಮುಚ್ಚಿದರು. ಈಗ ಅಲ್ಲಿ ತೋರಿಸುವುದು ನಕಲು. ಫೊಂ-ದ-ಗೋಮ್‌ನಲ್ಲಿ ಅಸಲಿ ಬಣ್ಣವೇ ಕಾಣುತ್ತದೆ. ದಿನಕ್ಕೆ ಕೆಲವೇ ಜನರನ್ನು ಬಿಡುತ್ತಾರೆ. ಹಾಗಾಗಿ ದೋಣಿಗಿಂತ ಮೊದಲು ಇದಕ್ಕೆ ಬುಕ್ ಮಾಡು. ಸ್ವೆಟರ್ ಇಟ್ಟುಕೋ, ಒಳಗೆ ಚಳಿ. ಫೋಟೋ ತೆಗೆಯೋ ಹಾಗಿಲ್ಲ. ಅದು ಒಳ್ಳೆಯದೇ.

ನಮ್ಮ ಜೊತೆ ಬಂದ ಗೈಡ್ ಹುಡುಗಿ ನಿನ್ನದೇ ವಯಸ್ಸಿನವಳು. ಇಕ್ಕಟ್ಟಾದ ದಾರಿಯಲ್ಲಿ ನಿಲ್ಲಿಸಿ ಗೋಡೆಯ ಮೇಲೆ ಟಾರ್ಚ್ ನೇರ ಬಿಟ್ಟಳು. ಬರೀ ಕಲೆ, ಕೆಂಪು ಕಂದು ಬಣ್ಣದ ಕಲೆ. ಆಮೇಲೆ ಟಾರ್ಚನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಕಲ್ಲಿನ ಉಬ್ಬು ಒಂದು ಹೆಗಲಾಯಿತು. ತಗ್ಗು ಹೊಟ್ಟೆಯಾಯಿತು. ನಮ್ಮ ಕಾಟಿಯ ಥರದ ಒಂದು ಬೈಸನ್ ಗೋಡೆಯಿಂದ ಎದ್ದು ಬಂತು! ಮೂವತ್ತೆರಡು ವರ್ಷ ಮಕ್ಕಳಿಗೆ ಶೇಡಿಂಗ್ ಹೇಳಿಕೊಟ್ಟೆ ಪುಟ್ಟಿ, ನೆರಳು ಹೀಗೆ ಹಾಕಿ ಹಾಗೆ ಹಾಕಿ ಅಂತ. 15,000 ವರ್ಷಕ್ಕೂ ಹಿಂದೆ ಯಾರೋ ಒಬ್ಬರು ದೀಪ ಹಿಡಿದು ಮೊದಲು ಕಲ್ಲನ್ನೇ ಓದಿದ್ದಾರೆ. ಅದರೊಳಗೆ ಪ್ರಾಣಿ ಎಲ್ಲಿದೆ ಅಂತ ಹುಡುಕಿ, ಸಿಕ್ಕ ಮೇಲೆ ಬಣ್ಣ ಮುಟ್ಟಿದ್ದಾರೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಕತ್ತಲಲ್ಲಿ ಯಾರಿಗೂ ಕಾಣಲಿಲ್ಲ.

ಇನ್ನೊಂದು ಕಡೆ ಎರಡು ಹಿಮಸಾರಂಗ. ಬಣ್ಣ ಮಾಸಿದೆ, ತಕ್ಷಣ ಕಾಣುವುದಿಲ್ಲ. ಗೈಡ್ ಫ್ರೆಂಚಿನಲ್ಲಿ ಏನೋ ಹೇಳಲು ಶುರು ಮಾಡಿದ್ದಳು. ಅಷ್ಟರಲ್ಲಿ ಅಮ್ಮ ನನ್ನ ತೋಳು ಹಿಡಿದು, "ನೋಡ್ರೀ, ನೆಕ್ತಾ ಇದೆ" ಅಂದಳು. ನಿಜ. ಗಂಡು ಸಾರಂಗ ಕತ್ತು ಬಗ್ಗಿಸಿದೆ. ಎದುರಿನ ಹೆಣ್ಣು ಮಂಡಿಯೂರಿದೆ. ಗಂಡು ಅದರ ಹಣೆ ನೆಕ್ಕುತ್ತಿದೆ. ಕೊಟ್ಟಿಗೆಯಲ್ಲೇ ಬೆಳೆದವಳು ನಿಮ್ಮಮ್ಮ. ಗೌರಿ ಕರು ಹಾಕಿದ ರಾತ್ರಿ ಲಾಟೀನು ಹಿಡಿದು ನಿಂತಿದ್ದಳಲ್ಲ, ಅದೇ ಕಣ್ಣು. ಅವಳಿಗೆ ಅನುವಾದ ಬೇಕಾಗಲಿಲ್ಲ.

ಆ ಚಿತ್ರಗಳನ್ನು ಜಗತ್ತಿಗೆ ತೋರಿಸಿದವರು ಯಾರು ಗೊತ್ತಾ? ಲೆಜೆಜಿಯ ಶಾಲಾ ಮೇಷ್ಟ್ರು! ದೆನಿ ಪೆರೊನಿ ಅಂತ. ಊರವರು ಮೊದಲಿನಿಂದಲೂ ಆ ಗುಹೆಗೆ ಹೋಗಿ ಬರುತ್ತಿದ್ದರು. ಕೆಲವರು ಚಿತ್ರದ ಮೇಲೇ ತಮ್ಮ ಹೆಸರು ಕೆತ್ತಿ ಬಂದಿದ್ದಾರೆ, ನಮ್ಮ ಕೋಟೆ ಗೋಡೆಗಳ ಮೇಲೆ ಮಾಡುತ್ತಾರಲ್ಲ, ಹಾಗೇ. ಹೆಸರು ಬರೆದವರ ಕಣ್ಣಿಗೆ ಬೈಸನ್ ಬಿದ್ದಿರಲಿಲ್ಲ. 1901ರ ಸೆಪ್ಟೆಂಬರಿನಲ್ಲಿ ಮೇಷ್ಟ್ರ ಕಣ್ಣಿಗೆ ಬಿತ್ತು. ಅದಕ್ಕೆ ಕೆಲವೇ ದಿನ ಮುಂಚೆ ಹತ್ತಿರದ ಕೊಂಬರೆಲ್ ಗುಹೆಯಲ್ಲಿ ಅವರೂ, ಬ್ರಯ್ ಅನ್ನುವ ಪಾದ್ರಿಯೂ, ಕಾಪಿತಾಂ ಅನ್ನುವ ಡಾಕ್ಟರೂ ಸೇರಿ ನೂರಾರು ಗೀರುಚಿತ್ರಗಳನ್ನು ಕಂಡಿದ್ದರು. ಬ್ರಯ್ ಆಮೇಲೆ ಆ ಚಿತ್ರಗಳನ್ನು ಕೈಯಲ್ಲೇ ನಕಲು ಮಾಡಿದರು. ಎಂಥ ತಾಳ್ಮೆ ಬೇಕು ಯೋಚನೆ ಮಾಡು.

ಮ್ಯೂಸಿಯಂ ಊರ ನಡುವೆ, ಬಂಡೆಗೆ ಅಂಟಿಕೊಂಡೇ ಇದೆ. ಅಲ್ಲಿ ಕಲ್ಲಿನ ಹತಾರಗಳ ಸಾಲು ಸಾಲು ಪೆಟ್ಟಿಗೆ ನೋಡಿ ನಿನ್ನ ಗೆಳತಿಯರಿಗೆ ಬೇಜಾರಾಗಬಹುದು. ಪರವಾಗಿಲ್ಲ, ಮುಂದೆ ಹೋಗಿ. ಆದರೆ ಹಿಮಸಾರಂಗದ ಕೊಂಬಿನಲ್ಲಿ ಕೆತ್ತಿದ ಒಂದು ಬೈಸನ್ ಇದೆ, ಅಂಗೈಯಲ್ಲಿ ಹಿಡಿಯುವಷ್ಟು. ಅದರ ಮುಂದೆ ನಿಲ್ಲು. ಕತ್ತು ಹಿಂದಕ್ಕೆ ತಿರುಗಿಸಿ ತನ್ನ ಪಕ್ಕೆಯನ್ನು ತಾನೇ ನೆಕ್ಕುತ್ತಿದೆ. ಕೊಂಬಿನ ಅಗಲ ತಲೆಗೆ ಸಾಲದೆ ಹೀಗೆ ತಿರುಗಿಸಿರಬೇಕು ಅಂತ ನನಗನಿಸುತ್ತದೆ. ನನ್ನ ಕ್ಲಾಸಿನ ಮಕ್ಕಳು "ಪೇಪರ್ ಸಾಲ್ಲಿಲ್ಲ ಸಾರ್" ಅಂತ ಆನೆಯ ಕಾಲು ಬಿಟ್ಟುಬಿಡುತ್ತಿದ್ದರು. ಇವನು ಏನೂ ಬಿಟ್ಟಿಲ್ಲ. ನಾಲಿಗೆಯನ್ನೂ ಕೆತ್ತಿದ್ದಾನೆ.

ಸಾಧ್ಯವಾದರೆ ಮೀನನ್ನೂ ನೋಡು. ಊರಿಂದ ಸ್ವಲ್ಪ ಮುಂದೆ ಬಂಡೆಯಾಸರೆಯೊಂದರ ಸೂರಿನಲ್ಲಿ ಒಂದು ಸಾಲ್ಮನ್ ಕೆತ್ತಿದ್ದಾರೆ, ಒಂದು ಮೀಟರಿನಷ್ಟು ಉದ್ದ, ಸುಮಾರು 25,000 ವರ್ಷ ಹಳೆಯದು. ಅದನ್ನು ನೋಡಲೂ ಮುಂಗಡವಾಗಿ ಬುಕ್ ಮಾಡಬೇಕು. ಕತ್ತೆತ್ತಿ ನೋಡಿದರೆ ಮೀನಿನ ಸುತ್ತ ಆಳವಾದ ತೋಡು ಕೊರೆದಿರುವುದು ಕಾಣುತ್ತದೆ, ಪೆಟ್ಟಿಗೆ ಆಕಾರದಲ್ಲಿ. ಅದು ಹಳೆಯ ಕಾಲದ್ದಲ್ಲ. 1912ರಲ್ಲಿ ಅದನ್ನು ಕಿತ್ತು ಬರ್ಲಿನ್ನಿಗೆ ಸಾಗಿಸಲು ಹೊರಟಿದ್ದರು. ಸರ್ಕಾರ ತಡೆಯಿತು. ಆ ತೋಡು ನೋಡಿದಾಗ ನನಗೆ ನಮ್ಮ ಹಳ್ಳಿಗಳ ಬಯಲಲ್ಲಿ ಬಿದ್ದಿರುವ ವೀರಗಲ್ಲುಗಳ ನೆನಪಾಗಿ ಸಂಕಟವಾಯಿತು.

ಇನ್ನು ದೋಣಿ. ಬೇಡ ಅನ್ನುವುದಿಲ್ಲ, ನಾವೂ ಹತ್ತಿದೆವು! ಬಾಡಿಗೆ ಕೊಡುವವರು ವ್ಯಾನಿನಲ್ಲಿ ನದಿಯ ಮೇಲ್ಗಡೆಯ ಸೇಂ-ಲೆಯೊಂ ಊರಿನವರೆಗೆ ಕರೆದುಕೊಂಡು ಹೋಗಿ ನೀರಿಗೆ ಬಿಡುತ್ತಾರೆ, ಹರಿವಿನ ಜೊತೆ ಕೆಳಗೆ ಬಂದರಾಯಿತು. ಬಟ್ಟೆ, ಫೋನ್ ಇಡಲು ಮುಚ್ಚಳದ ಪ್ಲಾಸ್ಟಿಕ್ ಡಬ್ಬ ಕೊಡುತ್ತಾರೆ. ಅಮ್ಮ ಅದರಲ್ಲಿ ಚಿತ್ರಾನ್ನವನ್ನೂ ಇಟ್ಟಳು. ಲೈಫ್ ಜಾಕೆಟ್ ಬಿಗಿಯಾಗಿ ಕಟ್ಟಿಕೋ, ಈಜು ಬರುತ್ತೆ ಅಂತ ಬಿಚ್ಚಬೇಡ. ಸೇಂ-ಲೆಯೊಂನಲ್ಲಿ ನದಿಯ ಅಂಚಿಗೇ ಹಳೆಯ ಚರ್ಚ್ ಇದೆ, ಹತ್ತುವ ಮುಂಚೆ ಒಳಗೆ ಹೋಗಿ ಬಾ. ಆಮೇಲೆ ದಾರಿಯಲ್ಲಿ ಲಾ ರೋಕ್ ಸೇಂ-ಕ್ರಿಸ್ತೋಫ್ ಸಿಗುತ್ತದೆ. ಸುಮಾರು ಒಂದು ಕಿಲೋಮೀಟರ್ ಉದ್ದದ ಬಂಡೆ, 80 ಮೀಟರ್ ಎತ್ತರ, ಅಟ್ಟ ಅಟ್ಟವಾಗಿ ಕೊರೆದಂತಿದೆ. ಮಧ್ಯಯುಗದಲ್ಲಿ ಇಡೀ ಊರೇ ಅದರಲ್ಲಿ ಬಾಳಿತ್ತು. ಅಲ್ಲಿ ಹುಟ್ಟು ಹಾಕುವುದು ನಿಲ್ಲಿಸಿ, ದೋಣಿ ತಾನಾಗಿ ಸಾಗಲಿ ಅಂತ ಬಿಡು. ಕೆಳಗೆ ಬಂದರೆ ಲಾ ಮಾದ್ಲೆನ್ ಅನ್ನುವ ಜಾಗ, ಆ ಕೊಂಬಿನ ಬೈಸನ್ ಸಿಕ್ಕಿದ್ದು ಅಲ್ಲೇ. ದಡದಲ್ಲಿ ಒಂದು ಬೂದು ಕೊಕ್ಕರೆ ನಾವು ಹತ್ತಿರ ಬಂದರೂ ಹಾರಲಿಲ್ಲ.

ನಡೆಯುವ ಆಸೆಯಿದ್ದರೆ ಊರ ಮೇಲೇ ಜಿಆರ್ 36 ಅನ್ನುವ ಕಾಲುದಾರಿ ಹಾದುಹೋಗುತ್ತದೆ. ಮರದ ಮೇಲೆ, ಕಲ್ಲಿನ ಮೇಲೆ ಬಿಳಿ ಕೆಂಪು ಪಟ್ಟೆ ಬಳಿದಿರುತ್ತಾರೆ, ಅದನ್ನೇ ನೋಡಿಕೊಂಡು ಹೋಗು. ಅಕ್ರೋಟು ತೋಟಗಳು ಸಿಗುತ್ತವೆ. ಒಳ್ಳೆಯ ಶೂ ಹಾಕಿಕೋ.

ಕೊನೆಗೆ ನನ್ನದೊಂದು ಕೆಲಸ. ಗುಹೆಯಿಂದ ಹೊರಗೆ ಬಂದು ಕೂತು ಆ ಸಾರಂಗಗಳನ್ನು ನೆನಪಿನಿಂದ ಬರೆದೆ. ಗಂಡಿನ ಕೊಂಬು ಸರಿಯಾಗಿ ಬಂತು. ಹೆಣ್ಣು ಸಾರಂಗದ ಕತ್ತಿನ ಬಾಗು ಮಾತ್ರ ನಾಲ್ಕು ಸಲ ಅಳಿಸಿದರೂ ಬರಲಿಲ್ಲ. "ಇನ್ನೂ ಸ್ವಲ್ಪ ಕೆಳಗೆ" ಅನ್ನುತ್ತಾಳೆ ಅಮ್ಮ. ಪುಟದ ಆ ಭಾಗ ಖಾಲಿ ಬಿಟ್ಟಿದ್ದೇನೆ. ನೀನು ಚಿಕ್ಕವಳಿದ್ದಾಗ ಗೌರಿಯನ್ನು ಬರೆದಿದ್ದೆಯಲ್ಲ, ಆ ಕೈ ಇನ್ನೂ ಇರುತ್ತದೆ. ಗುಹೆಯೊಳಗೆ ಚೆನ್ನಾಗಿ ನೋಡಿಕೊಂಡು, ಹೊರಗೆ ಬಂದ ತಕ್ಷಣ ಅದೊಂದು ಗೆರೆ ಬರೆದು ಕಳಿಸು. 4ಬಿ ಪೆನ್ಸಿಲ್ ತಗೊಂಡು ಹೋಗು.

ಇಂತಿ,
ನಿನ್ನ ಅಪ್ಪ